ಕ್ರಿಕೆಟ್ ಬ್ಯಾಟಿನ ಮರದೊಳಗಿನ ದೋಷ, ಕರಾವಳಿಯಲ್ಲಿ ಅದರ ಬಾಳಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ನೆಹರೂ ಮೈದಾನವಿರಲಿ, ಉಡುಪಿಯ ಅಜ್ಜರಕಾಡು ಇರಲಿ, ಲೆದರ್ ಬಾಲ್ ಆಡುವವರ ಕಿಟ್ ತೆರೆದರೆ ಟೇಪು ಸುತ್ತಿದ ಬ್ಯಾಟೊಂದು ಸಿಕ್ಕೇ ಸಿಗುತ್ತದೆ. ಬ್ಯಾಟು ಸೀಳಿದ ಕೂಡಲೇ "ಮರ ಸರಿ ಇರಲಿಲ್ಲ" ಎನ್ನುವುದು ವಾಡಿಕೆ. ಕೆಲವೊಮ್ಮೆ ಅದು ನಿಜ. ಎಷ್ಟೋ ಸಲ ಮರ ಚೆನ್ನಾಗಿಯೇ ಇರುತ್ತದೆ. ಕೆಡಿಸುವುದು ಆಷಾಢದ ಥಂಡಿ, ಹಚ್ಚಿದ ತೆಂಗಿನೆಣ್ಣೆ, ಇಲ್ಲವೇ ನಾಕ್ ಮಾಡದೆ (ಮರದ ಸುತ್ತಿಗೆಯಲ್ಲಿ ತಟ್ಟಿ ಪಳಗಿಸದೆ) ಹೊಸ ಚೆಂಡಿಗೆ ಒಡ್ಡಿದ ಅವಸರ. ಕೊಳ್ಳುವ ಮುಂಚೆ ಏನು ನೋಡಬೇಕು, ಕೊಂಡ ಮೇಲೆ ನಮ್ಮ ಹವೆಯಲ್ಲಿ ಹೇಗೆ ಬಾಳಿಸಬೇಕು ಎಂಬುದು ಈ ಪುಟದ ವಿಷಯ.

ಹೊಸ ಬ್ಯಾಟಿನ ಮೇಲೆ ಕಂದು ಪಟ್ಟಿ, ಕಲೆಗಳಿವೆ. ಮರ ಕೆಟ್ಟಿದೆಯೇ?

ಹೆಚ್ಚಿನ ಸಲ ಇಲ್ಲ. ಅಂಚಿನಲ್ಲಿ ಕಾಣುವ ಅಗಲವಾದ ಕೆಂಪು-ಕಂದು ಪಟ್ಟಿ ಮರದ ಕೇಗು, ಅಂದರೆ ಒಳತಿರುಳು. ಹಲಸು, ತೇಗಗಳಲ್ಲಿ ನಾವು ಕೇಗಿಗೇ ಬೆಲೆ ಕೊಡುತ್ತೇವೆ. ಬ್ಯಾಟು ಮಾಡುವ ವಿಲೋ ಮರದಲ್ಲಿ ಲೆಕ್ಕ ತಿರುಗಾಮುರುಗ. ಹೊರಭಾಗದ ಬಿಳಿ ಮರ ಹಗುರ, ಪುಟಿತ ಹೆಚ್ಚು, ಅದಕ್ಕೇ ಬೆಲೆ. ಕಂದು ಭಾಗ ಸ್ವಲ್ಪ ಗಡುಸು, ಸ್ವಲ್ಪ ತೂಕ. ಅದು ಪಳಗಲು ಹೆಚ್ಚು ಸಮಯ ಬೇಕು, ಅಷ್ಟೆ.

ಚಿಟ್ಟೆಯ ರೆಕ್ಕೆ ಬಿಚ್ಚಿದಂತೆ ಎರಡೂ ಬದಿಗೆ ಹರಡಿದ ಕಲೆಗೆ 'ಬಟರ್‌ಫ್ಲೈ' ಎನ್ನುತ್ತಾರೆ. ನೋಡಲು ಅಂದಗೆಟ್ಟರೂ ಆ ಮರ ಗಟ್ಟಿ. ಸಾಸಿವೆಯಷ್ಟು ಸಣ್ಣ ಕಂದು ಚುಕ್ಕೆಗಳೂ ಅಪಾಯವಲ್ಲ. ಗ್ರೇಡ್ 1, ಗ್ರೇಡ್ 2 ಎಂಬ ಮುದ್ರೆ ಬಹುಪಾಲು ಇಂಥ ಕಲೆಗಳನ್ನು, ಗೆರೆಗಳ ನೇರವನ್ನು ಕಣ್ಣಲ್ಲಿ ನೋಡಿ ಒತ್ತಿದ್ದು. ಬಾಳಿಕೆಯ ಭರವಸೆ ಅದರಲ್ಲಿಲ್ಲ. ಕೈಯಲ್ಲಿರುವ ಹಣ ಮಿತವಾಗಿದ್ದರೆ ಕಲೆಯಿರುವ, ಗೆರೆ ನೇರವಾಗಿರುವ ಬ್ಯಾಟನ್ನು ಧೈರ್ಯವಾಗಿ ಕೊಳ್ಳಿ. ಅದರಲ್ಲಿ ಉಳಿಸಿದ ಹಣ ಒಳ್ಳೆಯ ಪ್ಯಾಡಿಗಾಗುತ್ತದೆ.

ಹಾಗಾದರೆ ನಿಜವಾಗಿ ಹೆದರಬೇಕಾದ ದೋಷಗಳು ಯಾವುವು?

ಮೊದಲನೆಯದು ಓರೆ ನಾರು. ಬ್ಯಾಟಿನ ಮುಖದ ಗೆರೆಗಳು ಹ್ಯಾಂಡಲಿನ ಕಡೆಯಿಂದ ಹೊರಟು ಟೋ, ಅಂದರೆ ಬ್ಯಾಟಿನ ಕೆಳತುದಿಯ ತನಕ ಬರಬೇಕು. ನಡುವೆ ಹೊರಟ ಗೆರೆ ಟೋ ಮುಟ್ಟುವ ಮೊದಲೇ ಬದಿಯಿಂದ ಹೊರಬಿದ್ದರೆ ಆ ಜಾಗದಲ್ಲಿ ನಾರು ತುಂಡಾಗಿದೆ ಎಂದರ್ಥ. ಅಂಚಿಗೆ ತಾಗಿದ ಒಂದೇ ಪೆಟ್ಟಿಗೆ ಅಲ್ಲಿಂದ ಚಕ್ಕೆ ಏಳುತ್ತದೆ. ಮುಖವನ್ನಷ್ಟೇ ನೋಡಿದರೆ ಸಾಲದು, ಬದಿಯನ್ನೂ ನೋಡಬೇಕು. ಮುಖದಲ್ಲಿ ನೇರವಾಗಿ ಕಂಡ ನಾರು ಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಜಾರಿರಬಹುದು. ಹತ್ತರಲ್ಲಿ ಒಂಬತ್ತು ಮಂದಿ ತಪ್ಪಿಸಿಕೊಳ್ಳುವುದು ಇದನ್ನೇ ಎಂದರೆ ಅತಿಶಯವಾಗದು.

ಎರಡನೆಯದು ಅಡ್ಡಗೆರೆ. ಬಿರುಗಾಳಿಗೆ ಮರ ಬಾಗಿದಾಗ ಅಥವಾ ಕಡಿದು ಉರುಳಿಸಿದಾಗ ಒಳಗಿನ ನಾರು ಮಡಚಿ ಮುರಿದಿರುತ್ತದೆ. ಬ್ಯಾಟಿನ ಮೇಲೆ ಇದು ಗೆರೆಗಳಿಗೆ ಅಡ್ಡಲಾಗಿ ಹಾದ, ಕೂದಲಿನಷ್ಟು ಸಣ್ಣ ಸುಕ್ಕಿನಂತೆ ಕಾಣುತ್ತದೆ. ಉಜ್ಜಿ ಪಾಲಿಶ್ ಮಾಡಿದ ಮೇಲೆ ಕಾಣುವುದೇ ಕಷ್ಟ. ಉದ್ದಕ್ಕೆ ಬಿಟ್ಟ ಬಿರುಕು ಬ್ಯಾಟನ್ನು ಸೀಳುತ್ತದೆ, ಅಂಟು ಹಾಕಬಹುದು. ಅಡ್ಡಗೆರೆ ಬ್ಯಾಟನ್ನು ಎರಡು ತುಂಡು ಮಾಡುತ್ತದೆ. ಈ ದೋಷಕ್ಕೆ ರಿಪೇರಿ ಇಲ್ಲ.

ಮೂರನೆಯದು ಅತಿಯಾಗಿ ಒಣಗಿಸಿದ ಮರ. 2017ರ ಅಕ್ಟೋಬರಿನಿಂದ ನಿಯಮದ ಪ್ರಕಾರ ಅಂಚಿನ ದಪ್ಪ 40 ಮಿ.ಮೀ., ನಡುವಿನ ದಪ್ಪ 67 ಮಿ.ಮೀ. ಮೀರುವಂತಿಲ್ಲ. ಎಲ್ಲರಿಗೂ ಈ ಮಿತಿಯ ಹತ್ತಿರದ ದಪ್ಪವೂ ಬೇಕು, 1,150 ಗ್ರಾಂ ತೂಕವೂ ಬೇಕು. ಹಗುರವಾದ ಸಹಜ ಮರ ಸಿಗುವುದು ಕಡಿಮೆ, ಹಾಗಾಗಿ ಒಲೆಯಲ್ಲಿ ನೀರಿನಂಶ ಇನ್ನಷ್ಟು ಇಳಿಸುವವರಿದ್ದಾರೆ. ಬ್ಯಾಟಿನ ಮರದಲ್ಲಿ ಶೇ. 10ರಿಂದ 12ರಷ್ಟು ನೀರಿನಂಶ ಉಳಿದರೆ ನಾರು ಬಾಗಿ ತಾಳುತ್ತದೆ. ಅದಕ್ಕಿಂತ ತೀರಾ ಇಳಿದರೆ ಹಪ್ಪಳದ ಹಾಗೆ ಸಿಡಿಯುತ್ತದೆ. ಅಂಗಡಿಯಲ್ಲಿ ಇಂಥ ಬ್ಯಾಟು ಅದ್ಭುತವಾಗಿ ಸದ್ದು ಮಾಡುತ್ತದೆ, ಮೋಸವಾಗುವುದು ಅಲ್ಲೇ.

ಗಂಟಿನ ವಿಷಯ ಜಾಗದ ಮೇಲೆ ನಿಂತಿದೆ. ಬೆನ್ನಿನ ಮೇಲ್ಭಾಗದಲ್ಲಿ, ಭುಜದಲ್ಲಿ ಇರುವ ಗುಂಡುಸೂಜಿ ತಲೆಯಷ್ಟು ಗಂಟು ಏನೂ ಮಾಡುವುದಿಲ್ಲ. ಚೆಂಡು ತಾಗುವ ಜಾಗದಲ್ಲಿ, ಅಂದರೆ ಟೋದಿಂದ ಸುಮಾರು 10ರಿಂದ 25 ಸೆಂ.ಮೀ. ಮೇಲೆ ಇದ್ದರೆ ಮಾತ್ರ ಬಿಡಿ. ಗಂಟು ಸುತ್ತಲಿನ ಮರಕ್ಕಿಂತ ಗಡುಸು. ಸುತ್ತಲೂ ತಗ್ಗಿದಾಗ ಅದು ತಗ್ಗುವುದಿಲ್ಲ, ಬಿರುಕು ಅದರ ಬುಡದಿಂದಲೇ ಶುರುವಾಗುತ್ತದೆ.

ಗೆರೆಗಳು ಎಷ್ಟಿದ್ದರೆ ಒಳ್ಳೆಯದು?

ಒಂದು ಗೆರೆ ಮರದ ಒಂದು ವರ್ಷದ ಬೆಳವಣಿಗೆ. ಮುಖದ ಅಗಲ ಹೆಚ್ಚೆಂದರೆ 10.8 ಸೆಂ.ಮೀ. ಅಷ್ಟರಲ್ಲಿ 12 ಗೆರೆ ಇದ್ದರೆ ಮರ ನಿಧಾನ ಬೆಳೆದದ್ದು: ಬೇಗ ಪಳಗುತ್ತದೆ, ಬೇಗ ಮುಗಿಯುತ್ತದೆ. 5–6 ಗೆರೆಯದ್ದು ಮೊದಲ ತಿಂಗಳು ಮಂಕಾಗಿ ಕಂಡರೂ ಹೆಚ್ಚು ಕಾಲ ಬರುತ್ತದೆ. ನಮ್ಮ ಥಂಡಿ ಹವೆಯಲ್ಲಿ ಒಂದೇ ಬ್ಯಾಟಿನಲ್ಲಿ ಎರಡು-ಮೂರು ಸೀಸನ್ ಆಡುವವರಿಗೆ 6ರಿಂದ 9 ಗೆರೆಯದ್ದು ಸಾಕು. ಹೆಚ್ಚು ಗೆರೆಗೆ ಹೆಚ್ಚು ಹಣ ಕೊಡಬೇಡಿ.

ಅಂಗಡಿಯಲ್ಲಿ ನಿಂತು ಪರೀಕ್ಷಿಸುವುದು ಹೇಗೆ?

ಬೇಕಾದದ್ದು ಮೊಬೈಲಿನ ಟಾರ್ಚು, ಒದ್ದೆ ಕರವಸ್ತ್ರ, ಒಂದು ಮರದ ಸುತ್ತಿಗೆ ಅಥವಾ ಹಳೆಯ ಲೆದರ್ ಬಾಲ್.

ಮೊದಲು ಪ್ಲಾಸ್ಟಿಕ್ ಕವರ್ ತೆಗೆಸಿ. ಕವರಿನ ಮೇಲಿಂದ ನೋಡಿ ಆರಿಸಿದ ಬ್ಯಾಟು ಅದೃಷ್ಟದ ಮಾತು. ಟಾರ್ಚನ್ನು ಮುಖಕ್ಕೆ ನೇರ ಹಿಡಿಯಬೇಡಿ. ಮರದ ಮೇಲೆ ಮಲಗಿಸಿದಂತೆ ಬದಿಯಿಂದ ಹಾಯಿಸಿ. ಮುಚ್ಚಿದ ಬಿರುಕು, ಅಡ್ಡ ಸುಕ್ಕು, ಉಜ್ಜಿದ ತಗ್ಗು ನೆರಳಾಗಿ ಎದ್ದು ಕಾಣುತ್ತವೆ. ಹಾಗೆಯೇ ಎರಡೂ ಬದಿ, ಬೆನ್ನು, ಟೋ.

ಎರಡನೆಯದಾಗಿ, ಹ್ಯಾಂಡಲ್ ತುದಿಯನ್ನು ಕಣ್ಣಿಗಿಟ್ಟು ಕೋವಿಯ ಗುರಿ ಹಿಡಿದಂತೆ ಟೋ ಕಡೆ ನೋಡಿ. ಬ್ಲೇಡು ತಿರುಚಿದ್ದರೆ ಆಗಲೇ ಗೊತ್ತಾಗುತ್ತದೆ.

ಆಮೇಲೆ ಸದ್ದು. ಹ್ಯಾಂಡಲನ್ನು ಎರಡು ಬೆರಳಲ್ಲಿ ತೂಗುಬಿಟ್ಟು ಟೋದಿಂದ ಮೇಲಕ್ಕೆ, ಅಂಗುಲ ಅಂಗುಲಕ್ಕೆ ಮೆಲ್ಲನೆ ತಟ್ಟುತ್ತಾ ಹೋಗಿ. ಸದ್ದು ಕ್ರಮೇಣ ಬದಲಾಗಬೇಕು. ಒಂದೇ ಜಾಗದಲ್ಲಿ ಮಾತ್ರ ಇದ್ದಕ್ಕಿದ್ದಂತೆ ಮಂದ ಸದ್ದು ಬಂದರೆ, ಬಲಿಯದ ಎಳನೀರಿಗೆ ತಟ್ಟಿದ ಹಾಗೆ, ಅಲ್ಲಿ ಪದರ ಬಿಟ್ಟಿದೆ ಅಥವಾ ಒಳಗೆ ಬಿರುಕಿದೆ. ಕೊನೆಯಲ್ಲಿ ಹ್ಯಾಂಡಲ್: ಟೋವನ್ನು ಮ್ಯಾಟಿನ ಮೇಲೆ ಊರಿ, ಹ್ಯಾಂಡಲನ್ನು ಮುಂದಕ್ಕೆ ಹಿಂದಕ್ಕೆ ಹಗುರವಾಗಿ ಒತ್ತಿ. ಬಾಗಬೇಕು, ಕಟ್ ಎನ್ನಬಾರದು.

ಸ್ಟಿಕರ್, ಪುಟ್ಟಿ, ಮುಖದ ಹಾಳೆ ಇವುಗಳ ಕೆಳಗೆ ದೋಷ ಮುಚ್ಚಿರುತ್ತಾರೆಯೇ?

ಮುಚ್ಚಿರುವುದುಂಟು. ಸ್ಟಿಕರನ್ನು ಗಂಟಿನ ಮೇಲೆ ಬರುವಂತೆ ಅಂಟಿಸುವುದು ಹಳೆಯ ಉಪಾಯ. ಬೆರಳ ತುದಿಯಿಂದ ಸ್ಟಿಕರಿನ ಮೇಲೆ ಸವರಿದರೆ ಉಬ್ಬುತಗ್ಗು ತಿಳಿಯುತ್ತದೆ. ಪುಟ್ಟಿ ತುಂಬಿದ ಜಾಗಕ್ಕೆ ಒದ್ದೆ ಬಟ್ಟೆ ಒರೆಸಿ: ಮರ ಕ್ಷಣ ಹೊತ್ತು ಕಪ್ಪಾಗುತ್ತದೆ, ಪುಟ್ಟಿ ಬಣ್ಣ ಬದಲಿಸದು, ಅದರಲ್ಲಿ ನಾರಿನ ಗೆರೆಯೂ ಇರದು. ಪುಟ್ಟಿ ಇದ್ದದ್ದೆಲ್ಲ ಮೋಸವಲ್ಲ. ಬೆನ್ನಿನ ಮೇಲೆ ಒಂದೆರಡು ಚುಕ್ಕೆ ತುಂಬಿದ್ದರೆ ಪರವಾಗಿಲ್ಲ. ಅಂಚಿನ ಉದ್ದಕ್ಕೆ, ಸ್ಪ್ಲೈಸಿನ (ಹ್ಯಾಂಡಲ್ ಬ್ಲೇಡಿನೊಳಗೆ ಕೂರುವ ವಿ ಆಕಾರದ ಕಚ್ಚಿನ) ಸುತ್ತ ತುಂಬಿದ್ದರೆ ಬೇಡ.

ಮುಖಕ್ಕೆ ಮೊದಲೇ ದಪ್ಪ ಹಾಳೆ ಅಂಟಿಸಿ, ಅಂಚಿಗೆ ಬಣ್ಣದ ಟೇಪು ಸುತ್ತಿ, ಟೋಗೆ ಕಪ್ಪು ರಬ್ಬರ್ ಹಾಕಿ ಬಂದ ಬ್ಯಾಟು ನೋಡಲು ತಯಾರಾದಂತಿರುತ್ತದೆ. ಮರ ನೋಡಲು ಉಳಿದದ್ದು ಬೆನ್ನು ಮಾತ್ರ. ಬರಿಮರದ ಬ್ಯಾಟನ್ನು ಆರಿಸಿ, ಹಾಳೆಯನ್ನು ಆಮೇಲೆ ನೀವೇ ಹಾಕಿಸುವುದು ಉತ್ತಮ.

ಕಾಶ್ಮೀರಿ ವಿಲೋವನ್ನು ಇಂಗ್ಲಿಷ್ ವಿಲೋದಿಂದ ಬೇರೆಯಾಗಿ ಗುರುತಿಸುವುದು ಹೇಗೆ? ಪಾಪ್ಲರ್ ಎಂದರೇನು?

ಕಾಶ್ಮೀರಿ ವಿಲೋ ಅನಂತನಾಗ್ ಜಿಲ್ಲೆಯ ಬಿಜ್ಬೆಹಾರ, ಸಂಗಮ್ ಸುತ್ತಲಿನದ್ದು. ಹೆಚ್ಚು ಸಾಂದ್ರ, ಬಣ್ಣ ಕಂದಿನ ಕಡೆಗೆ, ಗೆರೆ ಮಸುಕು. ಒಂದೇ ಆಕಾರದ ಎರಡು ಬ್ಯಾಟು ತೂಗಿದರೆ ಕಾಶ್ಮೀರಿಯದ್ದೇ ಭಾರ. ಶಾಲಾ ಹುಡುಗರ ಅಭ್ಯಾಸಕ್ಕೆ ಅದಕ್ಕಿಂತ ಹೊಂದುವ ಮರ ಬೇರೆ ಬೇಡ. ಪಾಪ್ಲರ್ ವಿಲೋವಿನ ದೂರದ ನಂಟ. ಗೆರೆ ಕಾಣುವುದೇ ಅಪರೂಪ, ಉಗುರಲ್ಲಿ ಒತ್ತಿದರೆ ನಾರು ಹತ್ತಿಯಂತೆ ಏಳುತ್ತದೆ. ಟೆನಿಸ್ ಬಾಲಿಗೆ ಸರಿ, ಲೆದರಿಗೆ ಖಂಡಿತ ಬೇಡ.

ಮಳೆಗಾಲದಲ್ಲಿ ಬ್ಯಾಟಿಗೆ ಏನಾಗುತ್ತದೆ?

ಕರಾವಳಿಯ ಬ್ಯಾಟುಗಳ ಆಯುಷ್ಯ ನಿರ್ಧಾರವಾಗುವುದು ಆಟವಿಲ್ಲದ ಈ ನಾಲ್ಕು ತಿಂಗಳಲ್ಲಿ. ವರ್ಷಕ್ಕೆ 3,500 ಮಿ.ಮೀ. ಮೀರಿ ಸುರಿಯುವ ಊರು ನಮ್ಮದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವ ಶೇ. 65 ಇದ್ದಾಗ ಮರ ತಾನಾಗಿ ಶೇ. 12ರಷ್ಟು ನೀರಿನಂಶದಲ್ಲಿ ನಿಲ್ಲುತ್ತದೆ. ಶೇ. 90ರ ತೇವದಲ್ಲಿ ವಾರಗಟ್ಟಲೆ ಬಿಟ್ಟರೆ ಶೇ. 20ರ ಹತ್ತಿರ ಹೋಗುತ್ತದೆ. ಬ್ಲೇಡಿನ ಒಣಮರ 800 ಗ್ರಾಂ ಎಂದಿಟ್ಟುಕೊಂಡರೆ, ನೀರಿನಂಶ ಶೇ. 1 ಏರಿದಾಗಲೆಲ್ಲ 8 ಗ್ರಾಂ ತೂಕ ಸೇರುತ್ತದೆ. ಮೇ ತಿಂಗಳಲ್ಲಿ ಕೈಗೆ ಹಗುರವಾಗಿದ್ದ ಬ್ಯಾಟು ಚೌತಿ ಹೊತ್ತಿಗೆ ಭಾರವೆನಿಸಿದರೆ ಅದು ಭ್ರಮೆಯಲ್ಲ.

ತೂಕ ಸಣ್ಣ ತೊಂದರೆ. ದೊಡ್ಡದು ಉಬ್ಬುವಿಕೆ. ಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಅದರಲ್ಲೂ ನಾರಿನ ತುದಿ ತೆರೆದಿರುವ ಟೋ ನೀರನ್ನು ಬತ್ತಿಯಂತೆ ಹೀರುತ್ತದೆ. ಟೋ ಉಬ್ಬಿ, ಮೇಲಿನ ಭಾಗ ಉಬ್ಬದೆ, ಎರಡರ ನಡುವೆ ಎಳೆದಾಟವಾಗಿ ಬಿರುಕು ಮೂಡುತ್ತದೆ. ನವೆಂಬರಿನಲ್ಲಿ ಪುನಃ ಒಣಗುವಾಗ ಸ್ಪ್ಲೈಸಿನ ಅಂಟು ಸಡಿಲವಾಗುತ್ತದೆ.

ಹೀಗೆ ಮಾಡಿ: ಮೇ ಕೊನೆಗೆ ಬ್ಯಾಟನ್ನು ಒಣ ಬಟ್ಟೆಯಲ್ಲಿ ಒರೆಸಿ, ಅಡುಗೆ ತಕ್ಕಡಿಯಲ್ಲಿ ತೂಗಿ, ತೂಕವನ್ನು ಹ್ಯಾಂಡಲಿನ ಗ್ರಿಪ್ ಕೆಳಗೆ ಚೀಟಿ ಅಂಟಿಸಿ ಬರೆದಿಡಿ. ತೆಳುವಾಗಿ ಒಂದು ಕೈ ಅಗಸೆ ಎಣ್ಣೆ ಹಚ್ಚಿ, ಎರಡು ದಿನ ಆರಲು ಬಿಟ್ಟು, ಹತ್ತಿ ಬಟ್ಟೆ ಸುತ್ತಿ ಬ್ಯಾಟ್ ಕವರಿನೊಳಗೆ 100 ಗ್ರಾಂ ಸಿಲಿಕಾ ಜೆಲ್ ಜತೆ ಇಡಿ. ಜೆಲ್ಲಿನ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮರಳಿ ಹಾಕಿ. ಮುರಕಲ್ಲಿನ ಗೋಡೆಗೆ ಒರಗಿಸಬೇಡಿ, ಮಣ್ಣಿನ ಅಥವಾ ಗ್ರಾನೈಟ್ ನೆಲದ ಮೇಲೆ ನಿಲ್ಲಿಸಬೇಡಿ. ಮರದ ಕಪಾಟಿನ ಮೇಲ್ಹಲಗೆಯೇ ಒಳ್ಳೆಯದು. ಸೆಪ್ಟೆಂಬರಿನಲ್ಲಿ ತೆಗೆದು ತೂಗಿ. 15–20 ಗ್ರಾಂ ಹೆಚ್ಚಿದ್ದರೆ ಚಿಂತೆಯಿಲ್ಲ. 40 ದಾಟಿದ್ದರೆ ಫ್ಯಾನಿನ ಗಾಳಿ ಬರುವ ಕೋಣೆಯಲ್ಲಿ ಎರಡು ವಾರ ಮಲಗಿಸಿ, ಆಮೇಲೆ ಆಡಿ.

ಒದ್ದೆಯಾದ ಬ್ಯಾಟನ್ನು ಬಿಸಿಲಲ್ಲಿ ಅಥವಾ ಒಲೆಯ ಹತ್ತಿರ ಒಣಗಿಸಬಹುದೇ?

ಬೇಡವೇ ಬೇಡ. ಬಚ್ಚಲ ಹಂಡೆಯ ಒಲೆ ಬದಿ, ಅಡಿಕೆ ಒಣಗಿಸುವ ಅಟ್ಟ, ಏಪ್ರಿಲ್‌ನ ಕಾರಿನ ಡಿಕ್ಕಿ, ಮೂರೂ ಒಂದೇ. ಹೊರಪದರ ಬೇಗ ಕುಗ್ಗಿ ಒಳಗಿನದ್ದು ಹಾಗೇ ಉಳಿದಾಗ ಮುಖವೆಲ್ಲ ಸೀಳುತ್ತದೆ. ನೆರಳು, ಗಾಳಿ, ತಾಳ್ಮೆ.

ತೆಂಗಿನೆಣ್ಣೆ ಹಚ್ಚಿದರೆ ಏನು ತಪ್ಪು? ಮನೆಯಲ್ಲಿ ಅದೇ ಇರುವುದು.

ತೆಂಗಿನೆಣ್ಣೆ ಆರುವ ಎಣ್ಣೆಯಲ್ಲ. ಎಷ್ಟು ದಿನ ಬಿಟ್ಟರೂ ಜಿಡ್ಡಾಗಿಯೇ ಮರದೊಳಗೆ ಉಳಿದು ನಾರನ್ನು ಮೆದುಮಾಡುತ್ತದೆ, ತೂಕ ಏರಿಸುತ್ತದೆ. ಮುಂದೆ ಬಿರುಕು ಬಿಟ್ಟರೆ ಆ ಜಿಡ್ಡಿನ ಮೇಲೆ ಯಾವ ಅಂಟೂ ಹಿಡಿಯದು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಿ, ಮರದ ರಂಧ್ರದಲ್ಲಿ ತೆಳು ಪೊರೆಯಾಗುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲ. ಹರಳೆಣ್ಣೆ, ಎಳ್ಳೆಣ್ಣೆಯೂ ಬೇಡ. ಪೇಂಟ್ ಅಂಗಡಿಯಲ್ಲಿ 'ರಾ ಲಿನ್ಸೀಡ್' ಎಂದೇ ಕೇಳಿ. 'ಬಾಯ್ಲ್ಡ್' ಎಂಬುದರಲ್ಲಿ ಬೇಗ ಆರಲು ಲೋಹದ ರಾಸಾಯನಿಕ ಬೆರೆಸಿರುತ್ತಾರೆ, ಅದು ಕಿಟಕಿ ಬಾಗಿಲಿಗೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಂಡೀತು. ಹರಡಿ ಹೊರಗೆ ಒಣಹಾಕಿ.

ಎಣ್ಣೆ ಎಷ್ಟು, ನಾಕ್ ಮಾಡುವುದು ಎಷ್ಟು ಹೊತ್ತು?

ಒಂದು ಸಲಕ್ಕೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಮುಖ, ಅಂಚು, ಬೆನ್ನಿಗೆ ಬಟ್ಟೆಯಲ್ಲಿ ಒರೆಸಿ. ಟೋಗೆ ಬಟ್ಟೆಯಲ್ಲಿ ಉಳಿದಷ್ಟು ಸಾಕು. ಹ್ಯಾಂಡಲ್ ಕೂರುವ ವಿ ಆಕಾರದ ಜಾಗಕ್ಕೆ, ಸ್ಟಿಕರಿಗೆ ಬೇಡ. ಮುಖ ಮೇಲಾಗಿ 24 ಗಂಟೆ ಮಲಗಿಸಿಡಿ. ಇಂಥ ಎರಡು, ಹೆಚ್ಚೆಂದರೆ ಮೂರು ಕೈ. ಹಾಳೆ ಅಂಟಿಸಿದ ಬ್ಯಾಟಾದರೆ ಮುಖಕ್ಕೆ ಎಣ್ಣೆ ಇಳಿಯದು, ತೆರೆದ ಭಾಗಕ್ಕೆ ಮಾತ್ರ ಹಚ್ಚಿ.

ನಂತರ ಮರದ ಸುತ್ತಿಗೆಯಲ್ಲಿ ಒಟ್ಟು 5–6 ಗಂಟೆ, ದಿನಕ್ಕೆ ಅರ್ಧ ಗಂಟೆಯಂತೆ. ಮೊದಲ ಒಂದು ಗಂಟೆ ಬಾಗಿಲು ತಟ್ಟಿದಷ್ಟು ಮೆಲ್ಲಗೆ, ಆಮೇಲೆ ನಿಧಾನ ಜೋರು. ಅಂಚಿನ ಮೂಲೆಯನ್ನು 45 ಡಿಗ್ರಿ ಓರೆಯಲ್ಲಿ ತಟ್ಟಿ ಗುಂಡಗೆ ಮಾಡಿ. ಅಂಚಿಗೆ ನೇರ ಹೊಡೆಯಬೇಡಿ, ಟೋ ತಳಕ್ಕೂ ಬೆನ್ನಿಗೂ ಸುತ್ತಿಗೆ ಬೇಡ. ಹಳೆಯ ಚೆಂಡಿನಲ್ಲಿ ಹಗುರ ಕ್ಯಾಚು ಕೊಟ್ಟು ನೋಡಿ. ಹೊಲಿಗೆಯ ಗುರುತು ಆಳವಾಗಿ ಮೂಡಿದರೆ ಇನ್ನೂ ಒಂದು ಗಂಟೆ ಬೇಕು. "ಫ್ಯಾಕ್ಟರಿಯಲ್ಲೇ ನಾಕ್ ಆಗಿದೆ" ಎಂದು ಬರೆದಿದ್ದರೂ ಒಂದೂವರೆ ಗಂಟೆ ಕೈಯಲ್ಲಿ ತಟ್ಟಿ. ಯಂತ್ರ ಅಂಚನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಮುಖದಲ್ಲಿ ಸಣ್ಣ ಬಿರುಕು ಬಂದಿದೆ. ಬದಲಿ ಕೇಳಬಹುದೇ?

ಮುಖದ ಮೇಲ್ಪದರದಲ್ಲಿ ಉದ್ದಕ್ಕೆ ಬರುವ ಕೂದಲ ಬಿರುಕು, ಒಳ ಅಂಚಿನಲ್ಲಿ ಸಣ್ಣ ಚಕ್ಕೆ ಇವು ಆಡಿದ ಬ್ಯಾಟಿನ ಲಕ್ಷಣ. ಬೆರಳುಗುರು ಸಿಕ್ಕಿಕೊಳ್ಳುವಷ್ಟು ಆಳವಾದರೆ ಅಂಟು ಹಾಕಿ. ಅಡ್ಡಕ್ಕೆ ಸೀಳಿದ್ದು, ಸ್ಪ್ಲೈಸಿನ ಬುಡದಿಂದ ಇಳಿದದ್ದು, ಮುಖದಲ್ಲೂ ಬೆನ್ನಲ್ಲೂ ಕಾಣುವ ಬಿರುಕು ಬೇರೆಯೇ ಮಾತು. ಆಡುವುದು ನಿಲ್ಲಿಸಿ, ಟೇಪು ಸುತ್ತದೆ, ಬಿಲ್ಲಿನ ಜತೆ ಹಾಗೇ ತೋರಿಸಿ. ಟೇಪು ಸುತ್ತಿ ಮೂರು ಮ್ಯಾಚ್ ಆಡಿದ ಮೇಲೆ ಮರದ ದೋಷವೆಂದು ಸಾಧಿಸುವುದು ಕಷ್ಟ.

ಮುಖದ ಮರ ಪದರ ಪದರವಾಗಿ ಏಳುತ್ತಿದೆ. ಯಾಕೆ?

ತಯಾರಿಕೆಯಲ್ಲಿ ಬ್ಲೇಡಿನ ಮುಖವನ್ನು ಉರುಳೆಯ ಕೆಳಗೆ ಒತ್ತುತ್ತಾರೆ. ಮೇಲಿನ ಕೆಲವು ಮಿಲಿಮೀಟರ್ ಗಟ್ಟಿಯಾಗುತ್ತದೆ, ಅದರಡಿ ಮರ ಮೆತ್ತಗೇ ಇರುತ್ತದೆ. ಒತ್ತಡ ಹದ ತಪ್ಪಿದರೆ ಈ ಎರಡರ ನಡುವಿನ ಗಡಿಯಲ್ಲಿ ನಾರು ಬಿಡುತ್ತದೆ. ಹೊರಗಿಂದ ಏನೂ ಕಾಣದು, ತಟ್ಟಿದರೆ ಮಂದ ಸದ್ದು. ಎಣ್ಣೆ ಅತಿಯಾಗಿ ಕುಡಿದ ಬ್ಯಾಟಿಗೂ ಇದೇ ಗತಿ. ಎದ್ದ ಪದರದಡಿ ಸಿರಿಂಜಿನಲ್ಲಿ ಅಂಟು ಇಳಿಸಿ ಬಿಗಿದರೆ ನೆಟ್ ಅಭ್ಯಾಸಕ್ಕೆ ಒಂದಷ್ಟು ದಿನ ಬಂದೀತು.

ಟೋ ಬೇಗ ಸವೆಯುತ್ತದೆ.

ಸಿಮೆಂಟ್ ಪಿಚ್ಚು, ಕೆಂಪುಕಲ್ಲಿನ ಹರಳು ಎದ್ದ ಮೈದಾನ ಎರಡೂ ಮರಳುಕಾಗದವಿದ್ದಂತೆ. ಕ್ರೀಸಿನಲ್ಲಿ ಟಕ್ ಟಕ್ ಎಂದು ಕುಟ್ಟುವ ಅಭ್ಯಾಸ ಬಿಡಿ. 3 ಮಿ.ಮೀ. ರಬ್ಬರಿನ ಟೋ ಗಾರ್ಡ್ ಹಾಕಿಸಿ, ಆದರೆ ಹಾಕುವ ಮೊದಲು ಮರ ಪೂರ್ತಿ ಒಣಗಿರಬೇಕು. ಒದ್ದೆ ಟೋಗೆ ರಬ್ಬರ್ ಅಂಟಿಸಿದರೆ ನೀರು ಒಳಗೇ ಸಿಕ್ಕಿ ಮರ ಕಪ್ಪಾಗಿ ಕೊಳೆಯುತ್ತದೆ. ವರ್ಷಕ್ಕೊಮ್ಮೆ ಕಿತ್ತು ನೋಡಿ.

ಅಂಡರ್ ಆರ್ಮ್, ಟೆನಿಸ್ ಬಾಲ್ ಬ್ಯಾಟಿಗೂ ಇದೆಲ್ಲ ಬೇಕೇ?

ಕೊಯ್ಲಾದ ಗದ್ದೆಯಲ್ಲಿ ಕೊತ್ತಳಿಗೆ ಹಿಡಿದು ಆಡಿದರೂ ಸಿಕ್ಸು ಹೋಗುವ ಆಟ ಅದು. ನಾಕ್ ಮಾಡುವ ಅಗತ್ಯವಿಲ್ಲ. ಟೆನಿಸ್ ಬ್ಯಾಟಿನಲ್ಲಿ ನೋಡಬೇಕಾದದ್ದು ಬೆನ್ನಿನ ತೋಡು. ತೂಕ ಇಳಿಸಲು ತೋಡಿದ ಆ ಹಳ್ಳದ ತಳದಲ್ಲಿ ಗಂಟೋ ಓರೆ ನಾರೋ ಇದ್ದರೆ ಬ್ಯಾಟು ಅಲ್ಲಿಂದಲೇ ಸೀಳುತ್ತದೆ. ಇದಕ್ಕೆ ಒಂದು ಓವರ್ ಸಹ ಲೆದರ್ ಬಾಲ್ ತೋರಿಸಬೇಡಿ.

ಬಿರುಕಿಗೆ ಮನೆಯಲ್ಲೇ ಅಂಟು ಹಾಕುವುದು ಹೇಗೆ?

ಎರಡು ದಿನ ಫ್ಯಾನಿನಡಿ ಒಣಗಿಸಿ. ಬಿರುಕಿನೊಳಗಿನ ಮಣ್ಣನ್ನು ಸೈಕಲ್ ಪಂಪಿನಲ್ಲಿ ಊದಿ ತೆಗೆಯಿರಿ. ನೀರು ತಾಳುವ ಬಗೆಯ ಬಿಳಿ ಮರದ ಅಂಟನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಒಳಕ್ಕೆ ತಳ್ಳಿ, ಬಿರುಕನ್ನು ಮೆಲ್ಲನೆ ಬಿಚ್ಚಿ ಮುಚ್ಚಿ, ಅಂಟು ತಳ ಮುಟ್ಟುವ ತನಕ. ಎರಡೂ ಬದಿಗೆ ಮರದ ತುಂಡಿಟ್ಟು ಕ್ಲಾಂಪ್ ಬಿಗಿಯಿರಿ. ಕ್ಲಾಂಪ್ ಇಲ್ಲದಿದ್ದರೆ ಸೈಕಲ್ ಟ್ಯೂಬನ್ನು ಎಳೆದು ಸುತ್ತಿ. ಬೇಸಿಗೆಯಲ್ಲಿ 24 ಗಂಟೆ, ಮಳೆಗಾಲದಲ್ಲಿ 48. ಆಮೇಲೆ 120, 240 ನಂಬರಿನ ಮರಳುಕಾಗದ, ಮೇಲೆ ಫೈಬರ್ ಟೇಪು. ಸೂಪರ್ ಗ್ಲೂ ಕೂದಲ ಬಿರುಕಿಗೆ ಮಾತ್ರ; ಗಾಜಿನಂತೆ ಗಡುಸಾಗುವುದರಿಂದ ದೊಡ್ಡ ಬಿರುಕಿನಲ್ಲಿ ಮತ್ತೆ ಒಡೆಯುತ್ತದೆ.

ಹ್ಯಾಂಡಲ್ ಕಟಕಟ ಎಂದರೆ ಮನೆಯಲ್ಲಿ ಕೈ ಹಾಕಬೇಡಿ. ಬೆತ್ತದ ಪಟ್ಟಿಗಳ ನಡುವಿನ ಅಂಟು ಬಿಟ್ಟಿರಬಹುದು, ಸ್ಪ್ಲೈಸ್ ಸಡಿಲವಾಗಿರಬಹುದು. ಬ್ಲೇಡು ಚೆನ್ನಾಗಿದ್ದರೆ ಹೊಸ ಹ್ಯಾಂಡಲ್ ಕೂರಿಸಬಹುದು. ಆ ವಿ ಕಚ್ಚು ಕಾಗದ ತೂರದಷ್ಟು ಬಿಗಿಯಾಗಿ ಕೂರಬೇಕು. ಅದು ಬ್ಯಾಟಿನ ಕೆಲಸ ಬಲ್ಲ ಕೈಗೇ ಸಾಧ್ಯ.

ಬ್ಯಾಟಿನಡಿ ಹಿಟ್ಟು ಉದುರಿದೆ, ಸಣ್ಣ ತೂತುಗಳಿವೆ.

ಕುಟ್ಟೆ ಹಿಡಿದಿದೆ. ಬಿಳಿ ಮರದ ಪಿಷ್ಟ, ಹ್ಯಾಂಡಲಿನ ಬೆತ್ತ ಎರಡೂ ಅದಕ್ಕೆ ಇಷ್ಟ. 1–2 ಮಿ.ಮೀ. ತೂತು ಹುಳು ಹೊರಟುಹೋದ ದಾರಿ. ಒಳಗೆ ಎಷ್ಟು ಸುರಂಗವಿದೆ ಎಂಬುದು ಹೊರಗಿಂದ ತಿಳಿಯದು. ಹಿಟ್ಟನ್ನು ಒರೆಸಿ, ಬ್ಯಾಟನ್ನು ಕಪ್ಪು ಕಾಗದದ ಮೇಲೆ ಒಂದು ವಾರ ಇಡಿ. ಹೊಸ ಹಿಟ್ಟು ಬಿದ್ದರೆ ಹುಳು ಇನ್ನೂ ಒಳಗಿದೆ. ಅಂಥ ಬ್ಯಾಟನ್ನು ಉಳಿದ ಬ್ಯಾಟು, ಸ್ಟಂಪು, ಬಿದಿರಿನ ಸಾಮಾನುಗಳಿಂದ ಅಂದೇ ದೂರ ಮಾಡಿ, ಒಲೆಗೆ ಹಾಕಿ.